ಸೂರ್ಯನು ಮುಳುಗುವುದಕ್ಕೆ ಮುಂಚೆ

ಬಡವನು ಸಾಲಕ್ಕಾಗಿ ತನ್ನ ಹೊದಿಕೆಯನ್ನು ಒತ್ತೆಯಿಟ್ಟರೆ ಸೂರ್ಯನು ಮುಳುಗುವುದಕ್ಕೆ ಮುಂಚೆ ಅದನ್ನು ಅವನಿಗೆ ತಿರುಗಿ ಕೊಡಬೇಕೆಂದು ಮೋಶೆಯ ಧರ್ಮಶಾಸ್ತ್ರವು ವಿಧಿಸಿತು. ವಿಮೋಚನಕಾಂಡದ 22ನೆಯ ಅಧ್ಯಾಯದಲ್ಲಿ ಇದನ್ನು ಕಾಣುತ್ತೇವೆ. ಸಾಲವು ನ್ಯಾಯವಾದದ್ದೇ, ಒತ್ತೆಯೂ ನ್ಯಾಯವಾದದ್ದೇ. ಆದರೂ ರಾತ್ರಿಯ ಚಳಿಯ ಮುಂದೆ ಸಾಲಕೊಟ್ಟವನ ಹಕ್ಕು ನಿಲ್ಲಲಾರದು.

ನಮ್ಮಲ್ಲಿ ಕಂಬಳಿಯನ್ನು ಒತ್ತೆಯಿಡಿಸಿಕೊಳ್ಳುವವರು ಇಲ್ಲವೆಂದು ಹೇಳಿ ಈ ಮಾತನ್ನು ದಾಟಿಬಿಡಬಹುದೋ? ಬೀದರ, ಬೆಳಗಾವಿ ಸೀಮೆಗಳಲ್ಲಿ ಚಳಿಗಾಲವು ಕಬ್ಬು ಕಡಿಯುವ ಕಾಲವೂ ಆಗಿದೆ. ಬೀದರದಲ್ಲಿ ಡಿಸೆಂಬರ್, ಜನವರಿ ತಿಂಗಳುಗಳ ಕೆಲವು ರಾತ್ರಿ ಶಾಖವು 10 ಡಿಗ್ರಿಗಿಂತ ಕೆಳಗಿಳಿಯುವದುಂಟು. ಕಡಿಯುವವರು ಮುಂಗಡಕ್ಕೆ ಕಟ್ಟುಬಿದ್ದು, ಹೊಲದ ಬದಿಯ ಗುಡಿಸಲುಗಳಲ್ಲಿ ಕೂಸುಗಳೊಂದಿಗೆ ಮಲಗಿ, ನಸುಕಿನಲ್ಲಿಯೇ ಇಬ್ಬನಿಯಿಂದ ತೊಯ್ದ ಬೆಳೆಯೊಳಗೆ ನುಗ್ಗುತ್ತಾರೆ. ಮುಂಗಡ ಕೊಟ್ಟವನು ಅವರ ಕಂಬಳಿಯನ್ನು ಕಿತ್ತುಕೊಳ್ಳುವದಿಲ್ಲ ನಿಜ. ಅವರಿಗೆ ಕಂಬಳಿ ಇದೆಯೋ ಎಂದು ನೋಡುವದೂ ಇಲ್ಲ. ಯಾಕೋಬನು 20 ವರುಷ ದುಡಿದ ಮೇಲೆ ಲಾಬಾನನ ಮುಂದಿಟ್ಟ ದೂರಿನಲ್ಲಿ ಕೂಲಿಯ ಮೋಸದೊಂದಿಗೆ ರಾತ್ರಿಯ ಚಳಿಯೂ ಸೇರಿತ್ತೆಂಬದನ್ನು ಹೊಲವುಳ್ಳ ಸಹೋದರರು ನೆನಸಲಿ.

ಹಿಮ ಬೀಳುವ ದೇಶದಲ್ಲಿ ಮಾತ್ರ ಚಳಿಯು ಕೊಲ್ಲುತ್ತದೆಂದು ಎಣಿಸಬೇಡಿರಿ. ಮನುಷ್ಯನ ದೇಹದ ಶಾಖವು ಸುಮಾರು 37 ಡಿಗ್ರಿ. ಅದು 35ಕ್ಕಿಂತ ಕೆಳಗಿಳಿದರೆ ಪ್ರಾಣಕ್ಕೆ ಅಪಾಯ. ಒದ್ದೆ ಬಟ್ಟೆ, ಗಾಳಿ, ಬರಿಹೊಟ್ಟೆ ಇವು ಕೂಡಿದರೆ ನಮ್ಮ ಸೀಮೆಯ ಚಳಿಯೇ ಸಾಕು. ರಾತ್ರಿ ಕರೆಂಟು ಬಂದಾಗ ಹೊಲಕ್ಕೆ ನೀರು ಹಾಯಿಸುವವನು ನಡುಗಿ, ನಾಲಿಗೆ ತೊದಲಿ, ಎಡವಹತ್ತಿದರೆ ಕುಡಿದಿದ್ದಾನೆಂದು ನಗಬೇಡಿರಿ. ಬೆಚ್ಚಗಾಗದೆಯೇ ನಡುಕವು ನಿಂತುಹೋದರೆ ಅದು ಇನ್ನೂ ಕೆಟ್ಟ ಗುರುತು. ಒದ್ದೆ ಬಟ್ಟೆ ತೆಗೆದು, ಒಣಗಿದ್ದನ್ನು ಹೊದಿಸಿ, ಮೊದಲು ಎದೆಯನ್ನೂ ಹೊಟ್ಟೆಯನ್ನೂ ಬೆಚ್ಚಗೆ ಮಾಡಿರಿ, ಎಚ್ಚರವುಳ್ಳವನಿಗೆ ಬೆಲ್ಲದ ಬಿಸಿ ಚಹಾ ಕೊಡಿರಿ, ಕೈಕಾಲು ತಿಕ್ಕಬೇಡಿರಿ, ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಸಾರಾಯಿಯು ಬೆಚ್ಚಗೆ ಮಾಡುತ್ತದೆಂಬದು ಸುಳ್ಳು. ಅದು ರಕ್ತವನ್ನು ಚರ್ಮಕ್ಕೆ ಎಳೆದು ಒಳಗಿನ ಶಾಖವನ್ನು ಹೊರಗೆ ಚೆಲ್ಲುತ್ತದೆ. ಈ ಒಂದು ವಿಷಯದಲ್ಲಿ ವೈದ್ಯರೂ ಬೋಧಕರೂ ಏಕಮನಸ್ಸುಳ್ಳವರು!

ಮತ್ತೊಂದನ್ನು ಬಿಡದೆ ಹೇಳಬೇಕು. ಮುಚ್ಚಿದ ಗುಡಿಸಲಿನೊಳಗೆ ಕೆಂಡದ ಅಗ್ಗಿಷ್ಟಿಕೆಯನ್ನಿಟ್ಟು ಮಲಗಬಾರದು. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯುವಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವದಿಲ್ಲ. ಬೆಂಕಿಯನ್ನು ಹೊರಗೆ ಕಾಯಿಸಿಕೊಂಡು, ಆಮೇಲೆ ಒಳಗೆ ಹೋಗಿ ಹೊದ್ದುಕೊಳ್ಳಿರಿ. ಹೊದ್ದುಕೊಳ್ಳುವದಕ್ಕೆ ಏನೂ ಇಲ್ಲದವರೇ ಕೆಂಡವನ್ನು ಒಳಗೆ ಒಯ್ಯುತ್ತಾರೆಂಬದು ನಮಗೆ ತಿಳಿದದ್ದೇ.

ಅಪೊಸ್ತಲನಾದ ಪೌಲನು ಸೆರೆಯಿಂದ ಬರೆಯುತ್ತಾ, ತ್ರೋವದಲ್ಲಿ ಬಿಟ್ಟಿದ್ದ ಮೇಲಂಗಿಯನ್ನು ತರಬೇಕೆಂದೂ ಚಳಿಗಾಲಕ್ಕೆ ಮುಂಚೆಯೇ ಬರಬೇಕೆಂದೂ ತಿಮೊಥೆಯನನ್ನು ಬೇಡಿಕೊಂಡನು. ನಾವಾದರೋ ಕ್ರಿಸ್ಮಸ್ ದಿನ ಕಂಬಳಿ ಹಂಚುತ್ತೇವೆ. ಅಷ್ಟರೊಳಗೆ ಕಡಿಯುವವರು ಬಂದು ಎಷ್ಟೋ ರಾತ್ರಿಗಳು ಕಳೆದಿರುತ್ತವೆ. ಈ ವರುಷ ಅವರು ಬಂದಿಳಿದ ವಾರದಲ್ಲಿಯೇ ಸಭೆಯ ಹಿರಿಯರು ಗುಡಿಸಲುಗಳಿಗೆ ಹೋಗಿ, ಎಷ್ಟು ಮಂದಿಗೆ ಹೊದಿಕೆಯಿಲ್ಲವೆಂದು ಎಣಿಸಿಕೊಂಡು ಬರಲಿ.