ಬೆದೆ ನೋಡುವವರು ಯಾರು?

‘ಹದ ನೋಡಿ ಹರಗು, ಬೆದೆ ನೋಡಿ ಬಿತ್ತು.’ ಜಗಳೂರು ತಾಲ್ಲೂಕಿನ ಸೊಕ್ಕೆ ಕಡೆಯ ಹೊಲಗಳಲ್ಲಿ ಈ ಗಾದೆಗೆ ವ್ಯಾಖ್ಯಾನ ಬೇಕಿಲ್ಲ. ಬೇಕಿರುವುದು ನಮ್ಮ ಕಾಲೇಜುಗಳ ಸ್ಟಾಫ್ ರೂಮಿನಲ್ಲಿ.

ಮಣ್ಣು ಕುಂಟೆಗೆ ಒಗ್ಗುವ ಸ್ಥಿತಿಯೇ ಹದ. ಹಸಿ ಹೆಚ್ಚಿದರೆ ಕುಂಟೆಗೆ ಮೆತ್ತುತ್ತದೆ, ಒಣಗಿದರೆ ಹೆಂಟೆ ಏಳುತ್ತದೆ. ಬೆದೆ ಇನ್ನೂ ಸೂಕ್ಷ್ಮ. ಹಸು ಬೆದೆಗೆ ಬಂತು ಎನ್ನುವಾಗಿನ ಮಾತನ್ನೇ ಹಿರಿಯರು ನೆಲಕ್ಕೂ ಆಡಿದರು: ಬೀಜವನ್ನು ಒಳಗೆ ಕರೆದುಕೊಳ್ಳಲು ನೆಲ ತಾನಾಗಿ ಸಿದ್ಧವಾದ ಹೊತ್ತು ಅದು. ಆದರೆ ನಾನು ಪ್ರತಿ ಸಲ ತಡೆದು ನಿಲ್ಲುವುದು ‘ನೋಡಿ’ ಎಂಬಲ್ಲಿ. ಇಷ್ಟು ಚಿಕ್ಕ ಗಾದೆಯಲ್ಲಿ ಅದು ಎರಡು ಸಲ ಬಂದಿದೆ. ನೋಡುವ ಹೊಣೆ ಬಿತ್ತುವವನದು. ನೆಲ ಬಂದು ಅರ್ಜಿ ಹಾಕುವುದಿಲ್ಲ.

ಮಳೆ ಒಂದೇ, ಮಣ್ಣು ಎರಡು. ಕೆಂಪು ಮಸಾರಿಯಲ್ಲಿ ಹದ ಎರಡು ಮೂರು ದಿನದಲ್ಲಿ ಆರಿಹೋಗುತ್ತದೆ. ಎರೆ ಹೊಲಕ್ಕೆ ಅಷ್ಟು ದಿನ ಕಾಲಿಡುವುದಕ್ಕೇ ಆಗದು. ನನ್ನ ಮೊದಲ ಪೀರಿಯಡ್ಡಿನ ಪಾಠವೂ ಹೀಗೇ ಬೀಳುತ್ತದೆ. ಒಬ್ಬನಿಗೆ ಅಂದೇ ಹಿಡಿಯುತ್ತದೆ, ಇನ್ನೊಬ್ಬಳಿಗೆ ವಾರ ಬೇಕು. ಪಿಯುಸಿವರೆಗೆ ಕನ್ನಡದಲ್ಲಿ ಓದಿದವಳಿಗೆ ಬಿ.ಕಾಂ.ನ ಇಂಗ್ಲಿಷ್ ಪುಸ್ತಕ ಕೊಟ್ಟು ‘ದಡ್ಡಿ’ ಎನ್ನುವುದು ಎರೆಯನ್ನು ಮಸಾರಿಯಾಗಲಿಲ್ಲವೆಂದು ಬೈದ ಹಾಗೆ.

ನಾನೂ ಬೈದವನೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂಬತ್ತೂವರೆಗೆ ತರಗತಿಯ ಬಾಗಿಲು ಹಾಕುತ್ತಿದ್ದೆ. ಹಳ್ಳಿಯಿಂದ ಬರುವ ಹುಡುಗಿಯರು ಹೊರಗೇ ನಿಲ್ಲುತ್ತಿದ್ದರು, ನಾನು ಅದನ್ನು ಶಿಸ್ತು ಅಂದುಕೊಂಡಿದ್ದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಅವರ ಟಿಕೆಟ್ಟಿನ ಖರ್ಚು ಉಳಿಯಿತು. ಬಸ್ಸು ಬರುವ ಹೊತ್ತು ಮಾತ್ರ ಹಾಗೇ ಇದೆ. ಬಾಗಿಲು ಹಾಕುವುದನ್ನು ಬಿಟ್ಟು, ಪಾಠದ ತಿರುಳನ್ನು ಎರಡನೇ ಅರ್ಧಕ್ಕೆ ತಳ್ಳಿದೆ. ಮೊದಲರ್ಧ ಹಿಂದಿನ ದಿನದ್ದನ್ನು ಹರಗುವುದಕ್ಕೆ. ಇಷ್ಟು ಸಣ್ಣ ಬದಲಾವಣೆಗೆ ಆರು ವರ್ಷ ಹಿಡಿಯಿತು ಎಂದು ಹೇಳಿಕೊಳ್ಳಲು ನಾಚಿಕೆ.

ಒಮ್ಮೆ ಮೆಕ್ಕೆಜೋಳದ ಸುಗ್ಗಿಯಲ್ಲಿ ಹಾಜರಿ ಕಡಿಮೆಯಾದ ಹುಡುಗನೊಬ್ಬನ ತಂದೆಯನ್ನು ಕರೆಸಿದ್ದೆ.

‘ಶೇಕಡಾ 75 ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸಲ್ಲ, ಯಜಮಾನ್ರೇ.’

‘ನೀವು ಹೇಳೋದು ಸರೀನೇ ಸಾರ್. ಆದ್ರೆ ಆಳು ಸಿಗಲ್ಲ. ತೆನೆ ನಿಮ್ಮ ಕ್ಯಾಲೆಂಡರ್ ನೋಡ್ಕೊಂಡು ಒಣಗಲ್ಲ ನೋಡ್ರಿ.’

ಆ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ವಿಶ್ವವಿದ್ಯಾಲಯದ ವೇಳಾಪಟ್ಟಿ ನನ್ನ ಕೈಯಲ್ಲಿಲ್ಲ, ಆಂತರಿಕ ಪರೀಕ್ಷೆಯ ದಿನ ನನ್ನ ಕೈಯಲ್ಲಿದೆ. ಅಂದಿನಿಂದ ಕಿರುಪರೀಕ್ಷೆ ಎರಡು ಸಲ ಇಡುತ್ತೇನೆ. ಬರೆಯಲು ತಡವರಿಸುವವರು ಎದುರು ಕೂತು ಬಾಯಲ್ಲಿ ಹೇಳಬಹುದು.

ಕೆಲವು ಸಡಿಲಿಕೆ ಮೇಷ್ಟರ ಔದಾರ್ಯವಲ್ಲ, ಕಾನೂನು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸಿದೆ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರಿಗೆ ಕನಿಷ್ಠ ಶೇಕಡಾ 5 ಸೀಟು ಮೀಸಲು. ಕೇಂದ್ರದ 2018ರ ಮಾರ್ಗಸೂಚಿಯ ಪ್ರಕಾರ, ಬರೆಯುವುದಕ್ಕೆ ತೊಡಕಿರುವ ಇಂಥವರಿಗೆ ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದಂತೆ ಹೆಚ್ಚಿನ ಸಮಯ ಕೊಡಬೇಕು. ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ. ಇದನ್ನು ಕೇಳಿ ಪಡೆಯಬಹುದೆಂಬುದೇ ಗೊತ್ತಿಲ್ಲದೆ ಪದವಿ ಮುಗಿಸಿ ಹೋದವರಿದ್ದಾರೆ. ಅಲ್ಲಿ ನೋಡಬೇಕಾದವರು ನಾವಾಗಿದ್ದೆವು.

ಇನ್ನು ನೀತಿಗಳು. 2021-22ರಲ್ಲಿ ಕರ್ನಾಟಕ ಹೊಸ ಶಿಕ್ಷಣ ನೀತಿಯನ್ನು ತಂದಿತು: ಒಂದು ವರ್ಷಕ್ಕೆ ಬಿಟ್ಟರೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ. 2024-25ರಿಂದ ಮತ್ತೆ ಮೂರು ವರ್ಷದ ಪದವಿ. ಒಂದೇ ಕಾರಿಡಾರಿನಲ್ಲಿ ಎರಡು ಪಠ್ಯಕ್ರಮದವರು ಎದುರುಬದುರಾದರು. ಬಿಟ್ಟುಹೋಗುವ ದಾರಿಯನ್ನು ನಮ್ಮ ಹುಡುಗರಿಗೆ ಯಾವ ನೀತಿಯೂ ಕಲಿಸಬೇಕಿರಲಿಲ್ಲ. ಅದು ಅವರಿಗೆ ಮೊದಲಿಂದ ಗೊತ್ತು. ಮದುವೆ ಗೊತ್ತಾದವಳು, ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋದವಳು ಎರಡು ವರ್ಷದ ಮೇಲೆ ಆಫೀಸಿನ ಕಿಟಕಿಯ ಮುಂದೆ ಬಂದು ನಿಂತರೆ ಯಾವ ಅರ್ಜಿ ಕೊಡಬೇಕು, ಅದನ್ನು ಸರಳ ಮಾಡಲಿ.

ಸಡಿಲ ಬಿಟ್ಟರೆ ಮಟ್ಟ ಇಳಿಯುತ್ತದೆ ಎನ್ನುವ ಸಹೋದ್ಯೋಗಿಗಳಿದ್ದಾರೆ. ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ, ಗಾದೆಯೂ ತಳ್ಳಿಹಾಕುವುದಿಲ್ಲ. ಬೆದೆ ಮೀರಿದ ಮೇಲೆ ಬಿತ್ತಿದರೆ ಬೀಜವೇ ನಷ್ಟ. ‘ಇನ್ನೊಂದು ವಾರ ಇರಲಿ’ ಎನ್ನುತ್ತ ನಿಯೋಜಿತ ಕೆಲಸದ ಗಡುವನ್ನು ನಾನೇ ಮೂರು ಸಲ ಮುಂದೂಡಿದ ವರ್ಷ, ಕೊನೆಗೆ ಬಂದದ್ದು ಒಬ್ಬರದ್ದೇ ಬರಹದ ಹನ್ನೊಂದು ನಕಲು. ಅಲ್ಲಿ ಕರುಣೆ ತೋರಿಸುವ ನೆಪದಲ್ಲಿ ನಾನು ನೋಡುವುದನ್ನೇ ಬಿಟ್ಟಿದ್ದೆ.

ಆ ಹುಡುಗನ ತಂದೆ ಆಮೇಲೊಮ್ಮೆ ತಮ್ಮ ಹೊಲಕ್ಕೆ ಕರೆದಿದ್ದರು. ಆ ವರ್ಷ ಮಸಾರಿಯಲ್ಲಿ ಶೇಂಗಾ ಹಾಕಿ, ನಡುವೆ ತೊಗರಿಯ ಅಕ್ಕಡಿ ಸಾಲು ಬಿಟ್ಟಿದ್ದರು. ನಾನು ಹೋದಾಗ ಶೇಂಗಾ ಕಿತ್ತು ಬಳ್ಳಿ ಬಣವೆಯಾಗಿತ್ತು. ತೊಗರಿ ಆಗಷ್ಟೇ ಹಳದಿ ಹೂ ಬಿಟ್ಟಿತ್ತು.

‘ಅದಕ್ಕಿನ್ನೂ ಎರಡು ತಿಂಗ್ಳು ಐತೆ ಸಾರ್’ ಎಂದು, ಸಾಲು ತುಳಿಯದ ಹಾಗೆ ಬದಿಯಲ್ಲಿ ನನ್ನನ್ನು ಕರೆದುಕೊಂಡು ಹೋದರು.