ಸೋದರಕ್ಷಮೆ

ಅನ್ಯನು ಮಾಡಿದ ಅಪಕಾರವನ್ನು ಮನುಷ್ಯನು ಕಾಲಕ್ರಮದಲ್ಲಿ ಮರೆಯಬಲ್ಲನು. ಒಡಹುಟ್ಟಿದವನು ಮಾಡಿದುದನ್ನು ಮರೆಯುವುದು ದುಸ್ತರ. ಬೇಡದೆಯೇ ಬಂದ ನಂಬಿಕೆಯು ಅಲ್ಲಿ ಮುರಿದಿರುತ್ತದೆ.

ಬೈಬಲ್ಲಿನ ಆದಿಕಾಂಡದಲ್ಲಿ ಬರುವ ಯೋಸೇಫನನ್ನು ಅಣ್ಣಂದಿರು 20 ಬೆಳ್ಳಿನಾಣ್ಯಗಳಿಗೆ ಮಾರಿದರು. ಮುಂದೆ ಕ್ಷಾಮವು ಬರಲು, ಐಗುಪ್ತದ ಅಧಿಕಾರಿಯಾಗಿದ್ದ ಅವನೆದುರಿಗೇ ಅವರು ಧಾನ್ಯಕ್ಕಾಗಿ ತಲೆಬಾಗಿದರು. ಅವನು ಒಡನೆಯೇ ಕ್ಷಮಿಸಲಿಲ್ಲ, ಪರೀಕ್ಷಿಸಿದನು. ಅಂದು ಅವನನ್ನು ಮಾರೋಣವೆಂದಿದ್ದ ಯೆಹೂದನೇ ಇಂದು ಕಿರಿಯ ತಮ್ಮ ಬೆನ್ಯಾಮೀನನಿಗೆ ಬದಲಾಗಿ ತಾನು ದಾಸನಾಗುವೆನೆಂದು ಮುಂದೆ ಬಂದಾಗ, ಯೋಸೇಫನು ಅತ್ತು ಎಲ್ಲರನ್ನೂ ಅಪ್ಪಿಕೊಂಡನು.

ಕಥೆಯು ಅಲ್ಲಿಗೆ ಮುಗಿಯದು. ತಂದೆ ಯಾಕೋಬನು ಐಗುಪ್ತದಲ್ಲಿ 17 ವರ್ಷ ಬಾಳಿ ಗತಿಸಲು, ಯೋಸೇಫನು ಇನ್ನು ಹಗೆ ತೀರಿಸಿಕೊಳ್ಳುವನೆಂದು ಅಂಜಿ ಅಣ್ಣಂದಿರು ಮತ್ತೆ ಕ್ಷಮೆ ಬೇಡಿದರು. ಅವನು ಮತ್ತೆ ಅತ್ತನು. ಅಷ್ಟು ವರ್ಷ ಅವನ ಅನ್ನವನ್ನುಂಡೂ ಅವರು ಅವನ ಕ್ಷಮೆಯನ್ನು ನಂಬಿರಲಿಲ್ಲ!

ಕ್ಷಮೆಯನ್ನು ಕೊಡುವುದು ಕಷ್ಟ. ಕೊಟ್ಟುದನ್ನು ನಂಬಿ ಸ್ವೀಕರಿಸುವುದು ಇನ್ನೂ ಕಷ್ಟ. ಸೋದರನನ್ನು ಏಳು ಸಲ ಕ್ಷಮಿಸಿದರೆ ಸಾಕೆ ಎಂದು ಪೇತ್ರನು ಕೇಳಿದಾಗ ಯೇಸುಸ್ವಾಮಿಯು ಏಳೆಪ್ಪತ್ತು ಸಲವೆಂದುದರಲ್ಲಿ ಈ ಅರ್ಥವೂ ಅಡಗಿರಬಹುದು: ಹೊಸ ತಪ್ಪುಗಳನ್ನು ಮಾತ್ರವಲ್ಲ, ಹಳೆಯ ಒಂದೇ ತಪ್ಪನ್ನೂ, ತಪ್ಪಿದವನ ಅಂಜಿಕೆ ಅಳಿಯುವವರೆಗೆ, ಮರಳಿ ಮರಳಿ ಕ್ಷಮಿಸಬೇಕಾಗುತ್ತದೆ.