ದಿನದ ಧಮ್ಮ ಚಿಂತನೆ: ಬಾತ ಮೊಣಕಾಲು ಮತ್ತು ಎರಡನೆಯ ಬಾಣ



ಈ ವಾರ ನಾವು ಸಂಯುತ್ತ ನಿಕಾಯದ ಸಲ್ಲತ್ಥ ಸುತ್ತ ಓದುತ್ತಿದ್ದೇವೆ. ಎರಡು ಬಾಣಗಳ ಸುತ್ತ ಎಂದರೆ ಎಲ್ಲರಿಗೂ ನೆನಪಾಗುತ್ತದೆ. ಒಬ್ಬನಿಗೆ ಬಾಣ ನಾಟುತ್ತದೆ, ನೋಯುತ್ತದೆ. ಅದರ ಹಿಂದೆಯೇ ಎರಡನೆಯ ಬಾಣವೂ ಬಂದು ನಾಟುತ್ತದೆ. ಮೊದಲನೆಯದು ಮೈಯ ನೋವು. ಎರಡನೆಯದು ಆ ನೋವಿನ ಮೇಲೆ ಮನಸ್ಸು ಹೂಡುವ ಅಳಲು, ಸಿಟ್ಟು, ಭಯ. ಧಮ್ಮವನ್ನು ಅರಿತವನಿಗೆ ಒಂದೇ ಬಾಣ ಎನ್ನುತ್ತಾರೆ ಭಗವಾನರು. ಒಂದೂ ಇಲ್ಲ ಎನ್ನುವುದಿಲ್ಲ, ಇದನ್ನು ಗಮನಿಸಬೇಕು.

ಓದು ಮುಗಿದ ಮೇಲೆ ರನ್ನ ಬೆಳಗಲಿಯ ನಮ್ಮ ಬಳಗದ ಒಬ್ಬ ತಾಯಿ ಕೇಳಿದರು: "ನಮ್ಮ ಹುಡುಗ ಕಾಲೇಜಿನ ಕಬಡ್ಡಿ ಟೀಮಿನ್ಯಾಗ ಅದಾನ್ರಿ. ಮೊಣಕಾಲ ಬಾತೈತಿ. ಪಟ್ಟಿ ಸುತಗೊಂಡು ಆಡಾಕ ಹೊಂಟಾನ. ಹೋದ ಎರಡು ಮ್ಯಾಚಿನ್ಯಾಗ ಒಂದೂ ಪಾಯಿಂಟ್ ತಂದಿಲ್ಲಂತ, ಮಂದಿ ಅಂತಾರಂತ. ಮತ್ತ ಆಡಿ ತೋರಿಸ್ತೀನಿ ಅಂತಾನ. ನಾ ಹೂಂ ಅನ್ಲ್ಯೋ, ಬ್ಯಾಡ ಅನ್ಲ್ಯೋ?"

ಅವತ್ತು ಯಾರೂ ತಟ್ಟನೆ ಉತ್ತರ ಕೊಡಲಿಲ್ಲ. ಕೊಡುವ ಪ್ರಶ್ನೆಯೂ ಅಲ್ಲ. ಒಬ್ಬ ಹಿರಿಯರು ಮಾತ್ರ, "ಅನಿಲ್ ಕುಂಬ್ಳೆ ದವಡೆ ಮುರಿದರೂ ಆಡಲಿಲ್ಲೇನ್ರಿ?" ಎಂದರು. ಎಲ್ಲರೂ ತಲೆ ಆಡಿಸಿದರು. ಇಂದಿನ ಚಿಂತನೆ ಆ ಮಾತಿನ ಮೇಲೆಯೇ. ಕುಂಬ್ಳೆಯವರ ಹೆಸರನ್ನು ನಾವು ಅರ್ಧ ಮಾತ್ರ ನೆನಪಿಟ್ಟುಕೊಂಡಿದ್ದೇವೆ ಎಂದು ನನಗೆ ಅನಿಸುತ್ತದೆ.

ನೆನಪಿರುವ ಅರ್ಧ ಇದು. 2002ರ ಮೇ ತಿಂಗಳು, ವೆಸ್ಟ್ ಇಂಡೀಸಿನ ಆಂಟಿಗುವಾದಲ್ಲಿ ಟೆಸ್ಟ್. ಬ್ಯಾಟ್ ಮಾಡುವಾಗ ಮರ್ವಿನ್ ಡಿಲ್ಲನ್ ಎಸೆದ ಚೆಂಡು ದವಡೆಗೆ ಬಡಿಯಿತು. ರಕ್ತ ಉಗುಳಿ ಮತ್ತೆ ಬ್ಯಾಟ್ ಹಿಡಿದರು. ಎಕ್ಸ್‌ರೇ ನೋಡಿದರೆ ದವಡೆ ಮುರಿದಿದೆ. ಶಸ್ತ್ರಚಿಕಿತ್ಸೆಗೆ ಬೆಂಗಳೂರಿಗೆ ಮರಳಬೇಕೆಂದು ತೀರ್ಮಾನವಾಯಿತು. ಆದರೆ ಹೊರಡುವ ಮುಂಚೆ ತಲೆಯಿಂದ ಗದ್ದದವರೆಗೆ ಬಿಳಿ ಪಟ್ಟಿ ಬಿಗಿಸಿಕೊಂಡು ಮೈದಾನಕ್ಕಿಳಿದರು. ಆ ತಂಡದಲ್ಲಿ ಅವರ ಹೊರತು ಖಾಯಂ ಸ್ಪಿನ್ನರ್ ಇರಲಿಲ್ಲ. ಸತತ 14 ಓವರ್ ಹಾಕಿ 29 ರನ್ ಕೊಟ್ಟು ಬ್ರಿಯಾನ್ ಲಾರಾ ಅವರನ್ನು ಎಲ್‌ಬಿಡಬ್ಲ್ಯು ಮಾಡಿದರು. ಪಂದ್ಯ ಡ್ರಾ ಆಯಿತು. ವೆಸ್ಟ್ ಇಂಡೀಸ್ 9 ವಿಕೆಟ್‌ಗೆ 629 ರನ್ ಹೊಡೆಯಿತು, ನಮ್ಮ ಕಡೆಯ 11 ಜನರೂ ಬೌಲ್ ಮಾಡಬೇಕಾಯಿತು, ವಿಕೆಟ್ ಕೀಪರ್ ಕೂಡ!

ಆ ಪಟ್ಟಿ ಕಟ್ಟಿದ ಮುಖದ ಚಿತ್ರ ಎಷ್ಟು ಸಲ ನಮ್ಮ ಮೊಬೈಲಿಗೆ ಬಂದಿದೆಯೋ ಲೆಕ್ಕವಿಲ್ಲ. ಕೆಳಗೊಂದು ಸ್ಫೂರ್ತಿಯ ಸಾಲು ಇದ್ದೇ ಇರುತ್ತದೆ. ಅದನ್ನು ನೋಡಿದ ಹುಡುಗ ಮೊಣಕಾಲಿಗೆ ಪಟ್ಟಿ ಸುತ್ತಿಕೊಳ್ಳದೆ ಏನು ಮಾಡುತ್ತಾನೆ?

ಈಗ ಉಳಿದ ಅರ್ಧ ನೋಡೋಣ. ಇದೇ ಕುಂಬ್ಳೆ ಆಂಟಿಗುವಾಕ್ಕೆ ಒಂದು ವರ್ಷ ಮೊದಲು, 2001ರ ಆಸ್ಟ್ರೇಲಿಯ ಸರಣಿಯಲ್ಲಿ ಆಡಲೇ ಇಲ್ಲ. ಬೌಲ್ ಮಾಡುವ ಭುಜಕ್ಕೆ ಶಸ್ತ್ರಚಿಕಿತ್ಸೆಯಾಗಿತ್ತು. ಈಡನ್ ಗಾರ್ಡನ್ಸ್‌ನಲ್ಲಿ ಲಕ್ಷ್ಮಣ್, ದ್ರಾವಿಡ್ ದಿನವಿಡೀ ನಿಂತು ಆಡಿದ ಸರಣಿ ಅದು. ಕುಂಬ್ಳೆ ಇಲ್ಲದ ಆ ಜಾಗದಲ್ಲಿ ಹರಭಜನ್ ಸಿಂಗ್ ಮೂರು ಟೆಸ್ಟ್‌ಗಳಿಂದ 32 ವಿಕೆಟ್ ತೆಗೆದರು. ತನ್ನ ಸ್ಥಾನದಲ್ಲಿ ಇನ್ನೊಬ್ಬ ಹೀಗೆ ಮಿಂಚುವುದನ್ನು ಮನೆಯಲ್ಲಿ ಕೂತು ನೋಡುವುದೂ ಒಂದು ಬಾಣವೇ. ಆದರೂ ಭುಜ ಮಾಗುವವರೆಗೆ ಕಾದರು.

ವ್ಯತ್ಯಾಸ ತಿಳಿಯಿತೇ? ದವಡೆಯಿಂದ ಯಾರೂ ಬೌಲ್ ಮಾಡುವುದಿಲ್ಲ. ಮುರಿದ ದವಡೆಯನ್ನು ಅಲುಗದಂತೆ ಬಿಗಿದು ಕಟ್ಟಿದರೆ ಕೈ, ಮಣಿಕಟ್ಟು, ಬೆರಳು ತಮ್ಮ ಕೆಲಸ ಮಾಡುತ್ತವೆ. ನೋವು ಇರುತ್ತದೆ, ಸಣ್ಣ ನೋವೇನಲ್ಲ. ಆದರೆ ಭುಜವೇ ಕೆಟ್ಟಾಗ ಪಟ್ಟಿ ಸುತ್ತಿಕೊಂಡು ಬೌಲ್ ಮಾಡಿದರೆ, ಆಡಿದ ಪ್ರತಿ ಓವರ್ ಆ ಗಾಯವನ್ನೇ ಬೆಳೆಸುತ್ತದೆ. ಕಬಡ್ಡಿಯ ರೇಡರ್‌ಗೆ ಮೊಣಕಾಲು ಎಂದರೆ ಬೌಲರ್‌ಗೆ ಭುಜ ಇದ್ದಂತೆ. ತಿರುಗುವುದು, ಜಿಗಿಯುವುದು, ಗೆರೆಗೆ ಚಾಚುವುದು ಎಲ್ಲ ಅದರ ಮೇಲೆಯೇ. ಒಳಗಿನ ಕಟ್ಟು ಹರಿದಿದ್ದರೆ ಹೊರಗಿನ ಪಟ್ಟಿ ಅದನ್ನು ಕೂಡಿಸುವುದಿಲ್ಲ. ನೋವಿನ ಕಾಲು ಉಳಿಸಲು ಹೋಗಿ ಭಾರವೆಲ್ಲ ಇನ್ನೊಂದು ಕಾಲಿಗೆ ಬೀಳುತ್ತದೆ, ಅದೂ ಕೆಡುತ್ತದೆ. ನೋವಿನ ಇಂಜೆಕ್ಷನ್ ತಗೊಂಡರೆ ಆಗುವುದೂ ಇಷ್ಟೇ, ಕೂಗುತ್ತಿದ್ದ ಕಾವಲುಗಾರನ ಬಾಯಿ ಮುಚ್ಚಿಸಿದಂತೆ. ಕಳ್ಳ ಒಳಗೇ ಇರುತ್ತಾನೆ.

ಹಾಗಾದರೆ ಆ ಹುಡುಗ ಯಾಕೆ ಆಡುತ್ತೇನೆ ಅನ್ನುತ್ತಾನೆ? ತಾಯಿಯ ಮಾತಿನಲ್ಲೇ ಇದೆ: ಮಂದಿ ಅಂತಾರಂತ.

ನಮ್ಮೂರ ರನ್ನನನ್ನು ಇಲ್ಲಿ ನೆನೆಯದೆ ಇರಲು ಆಗುವುದಿಲ್ಲ. ಸಾವಿರ ವರ್ಷದ ಹಿಂದೆ ಈ ನೆಲದಲ್ಲಿ ಹುಟ್ಟಿದ ಕವಿ ತನ್ನ ಗದಾಯುದ್ಧದಲ್ಲಿ ದುರ್ಯೋಧನನನ್ನು ವೈಶಂಪಾಯನ ಸರೋವರದ ತಣ್ಣೀರಿನಲ್ಲಿ ಅಡಗಿಸಿದ. ಬಂಧುಗಳನ್ನೆಲ್ಲ ಕಳೆದುಕೊಂಡು ಬಸವಳಿದವನಿಗೆ ಅದೊಂದೇ ಆಸರೆ. ದಡದಲ್ಲಿ ನಿಂತ ಭೀಮನ ಮೂದಲಿಕೆ ಕಿವಿಗೆ ಬಿದ್ದದ್ದೇ, ನೀರಿನ ನಡುವೆಯೂ ಆ ಮೈ ಬೆವರುತ್ತದೆ. ಎದ್ದು ಬರುತ್ತಾನೆ. ಆಮೇಲೆ ತೊಡೆ ಮುರಿದದ್ದು ಎಲ್ಲರಿಗೂ ಗೊತ್ತು. ರನ್ನ ಜೈನ ಕವಿ, ಬೌದ್ಧನಲ್ಲ. ಆದರೆ ಎರಡನೆಯ ಬಾಣವನ್ನು ಇಷ್ಟು ಚೆನ್ನಾಗಿ ತೋರಿಸಿದವರು ಕನ್ನಡದಲ್ಲಿ ಇನ್ನೊಬ್ಬರಿಲ್ಲ ಎಂಬುದು ನನ್ನ ಅಭಿಪ್ರಾಯ. ಗದೆಗಿಂತ ಮೊದಲು ಮೂದಲಿಕೆ ಹೊಡೆದಿತ್ತು.

ಇದಕ್ಕೆ ಎದುರಾಗಿ ಸಕಲಿಕ ಸುತ್ತವನ್ನು ಇಟ್ಟು ನೋಡಿ. ದೇವದತ್ತ ಗೃಧ್ರಕೂಟದಿಂದ ಬಂಡೆ ಉರುಳಿಸಿದಾಗ ಅದರ ಚೂರು ಬಡಿದು ಭಗವಾನರ ಪಾದ ಗಾಯವಾಯಿತು. ಮದ್ದಕುಚ್ಛಿಯ ಜಿಂಕೆವನದಲ್ಲಿದ್ದಾಗ ಆ ನೋವು ತೀವ್ರವಾಗಿತ್ತೆಂದು ಸುತ್ತ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಅವರು ಏನು ಮಾಡಿದರು? ಸಂಘಾಟಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಬಲಮಗ್ಗುಲಾಗಿ, ಸ್ಮೃತಿಯಿಂದ ಮಲಗಿದರು. ಅಷ್ಟೇ. ಆಗ ಮಾರ ಬಂದು ಕೆಣಕಿದ: ಏನು, ಸೋಮಾರಿಯಾಗಿ ಮಲಗಿದೆಯಾ, ಇಲ್ಲ ಕಾವ್ಯ ಕಟ್ಟುವ ಅಮಲೋ? ಮಾರ ಬಂದು ಎದ್ದು ಓಡಾಡು ಅನ್ನುವ ಬಗೆ ಇದು. ಭಗವಾನರು ಏಳಲಿಲ್ಲ. ಎಲ್ಲ ಜೀವಿಗಳ ಮೇಲಿನ ಅನುಕಂಪದಿಂದಲೇ ಮಲಗಿದ್ದೇನೆ ಎಂಬರ್ಥದ ಉತ್ತರ ಕೊಟ್ಟು ಮಲಗಿಯೇ ಇದ್ದರು. ಜೀವಕ ವೈದ್ಯ ಆ ಪಾದಕ್ಕೆ ಔಷಧಿ ಕಟ್ಟಿದನೆಂದು ಅಟ್ಠಕಥೆಗಳು ಹೇಳುತ್ತವೆ. ವೈದ್ಯನಿಗೆ ಕಾಲು ಚಾಚುವುದು ಬುದ್ಧನಿಗೆ ಅವಮಾನವಾಗಲಿಲ್ಲ.

ಇನ್ನು ಸೋಣ ಕೋಳಿವಿಸನ ಕಥೆ. ಸಿರಿವಂತನ ಮಗ, ಮೃದುವಾದ ಪಾದ. ಭಿಕ್ಷುವಾದ ಮೇಲೆ ಎಲ್ಲರಿಗಿಂತ ಹೆಚ್ಚು ಸಾಧಿಸಬೇಕೆಂದು ಚಂಕ್ರಮಣ ಮಾಡಿ ಮಾಡಿ ಪಾದ ಒಡೆದು, ನಡೆದ ಹಾದಿ ರಕ್ತವಾಯಿತು. ಫಲ ಸಿಗಲಿಲ್ಲ. ಬಿಟ್ಟು ಮನೆಗೆ ಹೋಗಿಬಿಡಲೇ ಎಂದುಕೊಂಡ. ವೀಣೆಯ ತಂತಿ ತೀರ ಬಿಗಿಯಾದರೂ ನುಡಿಯದು, ತೀರ ಸಡಿಲವಾದರೂ ನುಡಿಯದು ಎಂಬ ಹೋಲಿಕೆ ಅವನಿಗೆ ಹೇಳಿದ್ದು. ಇದು ಎಲ್ಲರಿಗೂ ಗೊತ್ತು. ವಿನಯಪಿಟಕದ ಮಹಾವಗ್ಗದಲ್ಲಿ ಇದರ ಮುಂದಿನ ಮಾತಿದೆ, ಅದನ್ನು ನಾವು ಅಷ್ಟಾಗಿ ಹೇಳುವುದಿಲ್ಲ. ಭಗವಾನರು ಉಪಮೆ ಹೇಳಿ ಸುಮ್ಮನಾಗಲಿಲ್ಲ, ಅವನಿಗೆ ಚಪ್ಪಲಿ ಮೆಟ್ಟಲು ಅನುಮತಿ ಕೊಟ್ಟರು. ನನ್ನೊಬ್ಬನಿಗೆ ಬೇಡ, ಕೊಟ್ಟರೆ ಇಡೀ ಸಂಘಕ್ಕೆ ಕೊಡಿ ಎಂದ ಸೋಣ. ಎಲ್ಲರಿಗೂ ಸಿಕ್ಕಿತು. ಸೋಣ ಅರಹಂತನಾದದ್ದು ರಕ್ತ ಸುರಿಸುವುದನ್ನು ನಿಲ್ಲಿಸಿದ ಮೇಲೆ.

ಆ ತಾಯಿಗೆ ನಮ್ಮ ಬಳಗ ಹೇಳಬಹುದಾದದ್ದು ಹೀಗಿದೆ ಎಂದುಕೊಳ್ಳುತ್ತೇನೆ. ಮೊದಲು ಹೂಂ, ಬ್ಯಾಡ ಎರಡೂ ಅನ್ನಬೇಡಿ ಅವ್ವ. ಮುಧೋಳಕ್ಕೋ ಬಾಗಲಕೋಟೆಗೋ ಕರೆದುಕೊಂಡು ಹೋಗಿ ಮೂಳೆ ಡಾಕ್ಟರಿಗೆ ತೋರಿಸಿ. ಬಾವು ಯಾತರದ್ದು ಎಂದು ತಿಳಿಯಲಿ, ಅದು ಮೊದಲ ಬಾಣದ ಲೆಕ್ಕ. ಆಮೇಲೆ ಹುಡುಗನ ಹತ್ತಿರ ಕೂತು ಒಂದೇ ಮಾತು ಕೇಳಿ: ಯಾರೂ ನೋಡುವವರಿಲ್ಲ, ಯಾರೂ ಅನ್ನುವವರಿಲ್ಲ ಅಂದರೆ ಈ ಕಾಲಿಟ್ಟುಕೊಂಡು ನಾಳೆ ಆಡ್ತೀಯಾ? ಅವನು ತಡವರಿಸಿದರೆ ಅಲ್ಲಿ ಎರಡನೆಯ ಬಾಣ ಇದೆ. ಅದನ್ನು ಕೀಳುವಾಗ ಬೈಯಬೇಡಿ. ಎರಡು ಪಂದ್ಯದಲ್ಲಿ ಪಾಯಿಂಟ್ ಬಾರದ್ದು ಅವನ ಧೈರ್ಯ ಸೋತದ್ದಲ್ಲ, ಮೊಣಕಾಲು ಸೋತದ್ದು. ಇದನ್ನು ಯಾರಾದರೂ ಅವನಿಗೆ ಬಾಯಿಬಿಟ್ಟು ಹೇಳಬೇಕು. ಟೀಮಿನ ಹುಡುಗರೂ ಹೇಳಬೇಕು, ಮಾಸ್ತರರೂ ಹೇಳಬೇಕು.

ಕುಂಬ್ಳೆಯವರ ಕಥೆ 2008ರಲ್ಲಿ ಮುಗಿಯಿತು. ಆಗ ಅವರೇ ನಾಯಕ. ಆಸ್ಟ್ರೇಲಿಯ ಬಂದಿತ್ತು. ಅಕ್ಟೋಬರಿನಲ್ಲಿ ಸ್ವಂತ ಊರು ಬೆಂಗಳೂರಿನ ಟೆಸ್ಟ್‌ನಲ್ಲಿ ಒಂದೂ ವಿಕೆಟ್ ಸಿಗಲಿಲ್ಲ. ಭುಜದ ನೋವು. ಇನ್ನು ಸಾಕು ಎಂದು ಪತ್ರಿಕೆಗಳಲ್ಲಿ ಬಂತು. ಮೊಹಾಲಿಯಲ್ಲಿ ಹೊರಗೆ ಕೂತರು, ಧೋನಿ ತಂಡ ನಡೆಸಿ ಗೆದ್ದರು. ದೆಹಲಿಗೆ ಮರಳಿದಾಗ ಎಡಗೈ ಕಿರುಬೆರಳು ಸೀಳಿ 11 ಹೊಲಿಗೆ ಬಿದ್ದವು. ಹೊಲಿಗೆಯ ಬೆರಳಿಟ್ಟುಕೊಂಡೇ ಮತ್ತೆ ಬೌಲ್ ಮಾಡಿದರು. ತಾವೇ ಕ್ಯಾಚ್ ಹಿಡಿದು ಮಿಚೆಲ್ ಜಾನ್ಸನ್ ಅವರನ್ನು ಔಟ್ ಮಾಡಿದ್ದು 619ನೆಯ ವಿಕೆಟ್, ಅದೇ ಕೊನೆಯದು. ನವೆಂಬರ್ 2ರಂದು ನಿವೃತ್ತಿ ಹೇಳಿದರು. ಸರಣಿಯ ಇನ್ನೊಂದು ಟೆಸ್ಟ್ ನಾಗಪುರದಲ್ಲಿ ಬಾಕಿ ಇತ್ತು, ಅದನ್ನೂ ಧೋನಿಯ ಕೈಗೆ ಬಿಟ್ಟರು. ನಾಗಪುರದಲ್ಲಿ ಗೆದ್ದ ಮೇಲೆ ಟ್ರೋಫಿ ಎತ್ತಲು ಧೋನಿ ಕುಂಬ್ಳೆಯವರನ್ನು ಕರೆದರು.

ನಾಗಪುರ ಎಂದಾಗ ನಮಗೆ ದೀಕ್ಷಾಭೂಮಿ ನೆನಪಾಗುತ್ತದೆ. 1956ರಲ್ಲಿ ಬಾಬಾಸಾಹೇಬರು ಅಲ್ಲಿ ದೀಕ್ಷೆ ಪಡೆದಾಗ ಅವರ ದೇಹ ಎಷ್ಟು ಬಳಲಿತ್ತೆಂದು ಬಲ್ಲೆವು. ಆ ವಿಷಯ ದೊಡ್ಡದು, ಬೇರೆ ದಿನಕ್ಕಿರಲಿ.

ಇವತ್ತು ಓದಲು ದೀಘ ನಿಕಾಯದ ಸಂಗೀತಿ ಸುತ್ತದ ಆರಂಭ ಮಾತ್ರ ಸಾಕು. ಪಾವಾದಲ್ಲಿ ಮಲ್ಲರು ಹೊಸ ಸಭಾಭವನ ಕಟ್ಟಿಸಿ ಭಗವಾನರನ್ನು ಕರೆಸುತ್ತಾರೆ. ಬಹಳ ರಾತ್ರಿಯವರೆಗೆ ಉಪದೇಶ ನಡೆಯುತ್ತದೆ. ಮಲ್ಲರು ಹೋದರೂ ಭಿಕ್ಷುಗಳು ಇನ್ನೂ ಎಚ್ಚರವಾಗಿ ಕೂತಿರುತ್ತಾರೆ. ಆಗ ಭಗವಾನರು ಸಾರಿಪುತ್ರರ ಕಡೆ ತಿರುಗಿ, ನನಗೆ ಬೆನ್ನು ನೋಯುತ್ತಿದೆ, ಸ್ವಲ್ಪ ಚಾಚಿಕೊಳ್ಳುತ್ತೇನೆ, ನೀನು ಇವರಿಗೆ ಧಮ್ಮ ಹೇಳು ಎನ್ನುತ್ತಾರೆ. ಹಾಸಿಗೆ ಹಾಸಿಕೊಂಡು ಮಲಗುತ್ತಾರೆ. ಸಾರಿಪುತ್ರರು ಹೇಳತೊಡಗುತ್ತಾರೆ.

ಸಂಜೆ ಓದಿಗೆ ಎಲ್ಲರೂ ಬನ್ನಿ. ನಮೋ ಬುದ್ಧಾಯ 🙏